ಗೋಡು ಹೊಡೆದ ಹೊಲದ ಮಿಡತೆಗಳು

ಜಗಳೂರು ತಾಲೂಕಿನ ಸೊಕ್ಕೆಯಲ್ಲಿ ಕಾಟಮ್ಮನ ಕಣ್ಣಿಗೆ ದೊಡ್ಡ ಹೆಸರಿತ್ತು. ಕಣದಲ್ಲಿ ಯಾರದಾದರೂ ಮೂಗುತಿ ಬಿದ್ದುಹೋದರೆ, ಕುರಿಮರಿ ಜಾಲಿಯ ಮೆಳೆಯಲ್ಲಿ ಸಿಕ್ಕಿಕೊಂಡರೆ, ಮೊದಲು ಅವಳಿಗೇ ಕರೆ ಹೋಗುತ್ತಿತ್ತು. ಅವಳು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ನೆಟ್ಟಗೆ ಹೋಗಿ, ಬಗ್ಗಿ, ಎತ್ತಿಕೊಡುತ್ತಿದ್ದಳು.

ಆ ಕಣ್ಣನ್ನು ಪಳಗಿಸಿದ್ದು ಅವಳಪ್ಪನ ಗೌಜಲಕ್ಕಿಗಳು. ಅಪ್ಪ ಬಿದಿರಿನ ಪಂಜರದಲ್ಲಿ ಎರಡು ಮೂರು ಗೌಜಲಕ್ಕಿ ಸಾಕಿಕೊಂಡಿದ್ದ. ಅವಕ್ಕೆ ಕಾಳಿಗಿಂತ ಹುಳ ಇಷ್ಟ. ಆರು ವರ್ಷದ ಕಾಟಮ್ಮ ದಿನಾ ಬೆಳಿಗ್ಗೆ ಒಂದು ಕುಡಿಕೆ ಹಿಡಿದು ಹೊಲಕ್ಕೆ ಹೋಗಿ ಮಿಡತೆ ತುಂಬಿಕೊಂಡು ಬರಬೇಕಿತ್ತು. ಅದರಲ್ಲೂ ಉಗುರಿನಷ್ಟು ಉದ್ದದ, ಹೆಚ್ಚು ದೂರ ಹಾರಲಾರದ ಒಂದು ಗಿಡ್ಡ ಜಾತಿ ಇತ್ತು. ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ಊರಲ್ಲಿ ಅದಕ್ಕೆ ಮಣ್ಣುಮಿಡತೆ ಅನ್ನುತ್ತಿದ್ದರು. ಕೆಂಪು ನೆಲದಲ್ಲಿ ಅದು ಕೆಂಪಗೆ, ಎರೆ ಹೊಲದಲ್ಲಿ ಕಪ್ಪಗೆ. ಯಾಕೆ ಹಾಗೆ ಅಂತ ಕಾಟಮ್ಮ ಯಾವತ್ತೂ ಕೇಳಿಕೊಂಡಿರಲಿಲ್ಲ. ಬೇವು ಕಹಿ ಇರುತ್ತದೆ, ಮಣ್ಣುಮಿಡತೆ ಮಣ್ಣಿನ ಬಣ್ಣ ಇರುತ್ತದೆ. ಅದರಲ್ಲಿ ಕೇಳುವುದೇನಿದೆ?

ಅದೇ ಊರಿನ ಸಣ್ಣತಿಮ್ಮಪ್ಪನಿಗೆ ಅವಳನ್ನು ಕೊಟ್ಟರು. ಅವನಿಗೂ ಒಂದು ಗೌಜಲಕ್ಕಿ ಇತ್ತು, ಹಾಗಾಗಿ ಮದುವೆಯಾದ ಮೇಲೂ ಕುಡಿಕೆ ಕೈಬಿಡಲಿಲ್ಲ. ಗಂಡನಿಗೆ ಊರಾಚೆ ದನ ಮೇಯುವ ಕಾವಲಿನ ಪಕ್ಕ ಮೂರೆಕರೆ ಕೆಂಪು ಹೊಲ. ನವಣೆ, ಶೇಂಗಾ ಬೆಳೆಯುತ್ತಿದ್ದರು. ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಕೆರೆ ತಳ ಕಂಡಿತು. ಊರವರೆಲ್ಲ ಗಾಡಿ ಹೂಡಿ ಗೋಡು ಹೊಡೆಯಲು ಶುರುಮಾಡಿದರು. ಗೋಡು ಅಂದರೆ ಕೆರೆಯ ತಳದ ಕಪ್ಪು ಹೂಳು. ಬಡಕಲು ಕೆಂಪು ನೆಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಸಣ್ಣತಿಮ್ಮಪ್ಪ ಒಂದು ತಿಂಗಳು ಬಿಡದೆ ಗಾಡಿ ಹೊಡೆದು, ದಾರಿಯ ಬದಿಯ ಒಂದೆಕರೆಗೆ ಗೇಣುದ್ದ ಗೋಡು ಹರಡಿದ.

ಮುಂಗಾರು ಬಿತ್ತು. ಆ ಎಕರೆ ಹಸಿಯಾಗಿ ಎಣ್ಣೆ ಸವರಿದ ಹೆಂಚಿನ ಹಾಗೆ ಕಪ್ಪಗೆ ಮಿಂಚಿತು. ಅದರ ಮೇಲೆ ಕೆಂಪು ಮಿಡತೆಗಳು ಕರಿಕಂಬಳಿಯ ಮೇಲೆ ಕುಂಕುಮ ಚೆಲ್ಲಿದ ಹಾಗೆ ಎದ್ದು ಕಂಡವು. ಕಾಟಮ್ಮನ ಕುಡಿಕೆ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತುಂಬಿಬಿಡುತ್ತಿತ್ತು. ಅವಳೊಬ್ಬಳಿಗೇ ಅಲ್ಲ, ಗೊರವಂಕಗಳಿಗೂ ಬೆಳ್ಳಕ್ಕಿಗಳಿಗೂ ಅದು ಹಬ್ಬವೇ. ಮರುವರ್ಷ ಕುಡಿಕೆ ತುಂಬುವುದು ತಡವಾಯಿತು. ಮೂರನೇ ವರ್ಷ ಅವಳು ಸೊಂಟ ಬಗ್ಗಿಸಿ, ಹೆಂಟೆ ಸರಿಸಿ ನೋಡಬೇಕಾಯಿತು. ಸಿಕ್ಕಿದ್ದರಲ್ಲಿ ಹೆಚ್ಚಿನವು ಕಪ್ಪು.

ಆ ಮೂರನೇ ವರ್ಷವೇ, ಆಷಾಢದ ಒಂದು ಬೆಳಿಗ್ಗೆ, ಪ್ಯಾಂಟು ಮೊಣಕಾಲಿಗೆ ಮಡಿಸಿದ ಒಬ್ಬ ಯುವಕ ಕಾವಲಿನಲ್ಲಿ ಬಲೆ ಬೀಸುತ್ತ ಓಡಾಡುವುದು ಅವಳಿಗೆ ಕಂಡಿತು. ಬಿಸಿಲೇರಿದರೂ ಅವನ ಬಾಟಲಿ ಖಾಲಿಯೇ ಇತ್ತು. ಕಳೆ ಕೀಳುತ್ತಿದ್ದವಳು ಕುಡುಗೋಲು ಇಟ್ಟು ಕೇಳಿದಳು.

"ಏನ್ ಹಿಡಿಯಾಕೆ ಹೊಂಟೀರಿ ಸ್ವಾಮಿ? ಗಾಳಿನಾ?"

ಅವನು ನಾಚಿಕೊಂಡು ನಕ್ಕ. "ಮಿಡತೆ ಬೇಕಾಗಿತ್ತಮ್ಮ. ಗಿಡ್ಡದು, ನೆಲದ ಮೇಲೆ ಕೂರ್ತದಲ್ಲ, ಅದು."

"ಅದು ಬಲೆಗೆ ಬೀಳಲ್ಲ ಬಿಡ್ರಿ. ನಿಮ್ ಚಪ್ಲಿ ಹತ್ರಾನೆ ಎರಡು ಅದಾವೆ, ನೋಡ್ಕಳ್ರಿ."

ಅವನು ನೋಡಿದ. ಬಗ್ಗಿ ನೋಡಿದ. ಕುಕ್ಕುರುಗಾಲಲ್ಲಿ ಕೂತು ನೋಡಿದ. ಕೊನೆಗೆ ಕಾಟಮ್ಮನೇ ಬಂದು ಎರಡು ಬೆರಳಿಂದ ಹೆಕ್ಕಿ ಬಾಟಲಿಗೆ ಹಾಕಿದಳು.

ಅವನ ಹೆಸರು ಮಹೇಶ್ವರಪ್ಪ. ಚನ್ನಗಿರಿ ಕಡೆಯ ನಲ್ಲೂರಿನವನು, ದಾವಣಗೆರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಡಾಕ್ಟರೇಟಿಗೆ ಕೀಟಗಳ ಬಣ್ಣದ ಬಗ್ಗೆ ಏನಾದರೂ ಮಾಡಬೇಕು ಅಂತ ಊರೂರು ಅಲೆಯುತ್ತಿದ್ದ. ಮಾತಿನ ಮಧ್ಯೆ ಕಾಟಮ್ಮ ತನ್ನ ಗೋಡು ಹೊಲದ ಸಂಗತಿ ಹೇಳಿದಳು. ಮೂರು ವರ್ಷದ ಹಿಂದೆ ಅಲ್ಲಿ ಬರೀ ಕೆಂಪು ಇದ್ದವು, ಈಗ ಬರೀ ಕಪ್ಪು ಅಂದಳು. ಮೇಷ್ಟ್ರು ಬದುವಿನ ಮೇಲೆ ಕೂತೇಬಿಟ್ಟ.

"ಯಾಕೆ ಹಂಗಾಯ್ತು ಅಂತೀರಿ?"

"ಕರಿ ಮಣ್ಣು ತಿಂದ್ವು, ಕರ್ರಗಾದ್ವು. ಇನ್ನೇನು?"

"ಇರಬೌದು. ಆದ್ರೆ ಇನ್ನೊಂದು ದಾರಿನೂ ಐತೆ. ಮೊದಲಿಂದಾನೂ ನೂರಕ್ಕೆ ನಾಲ್ಕೈದು ಕಪ್ಪು ಇದ್ದಿರಬೌದು. ಕೆಂಪು ಎದ್ದು ಕಂಡ್ವು, ಹಕ್ಕಿ ತಿಂದ್ವು. ಕಾಣದ ಕಪ್ಪು ಉಳಿದ್ವು, ಮೊಟ್ಟೆ ಇಟ್ವು. ಮರಿ ಅವ್ವನ ಬಣ್ಣ ಹೊತ್ಕೊಂಡು ಬಂದ್ವು. ಎರಡರಾಗೆ ಯಾವುದು ನಿಜ ಅಂತ ನೋಡ್ಬೇಕು."

ಕಾಟಮ್ಮನಿಗೆ ಅದು ಅಷ್ಟೇನೂ ದೊಡ್ಡ ಪ್ರಶ್ನೆ ಅನ್ನಿಸಲಿಲ್ಲ. ಆದರೆ ಓದಿದ ಮನುಷ್ಯನೊಬ್ಬ ತನ್ನ ಮಾತು ಕೇಳಿ ನೆಲದ ಮೇಲೆ ಕೂತದ್ದು ಅವಳಿಗೆ ಹೊಸದು.

ಆ ಮಳೆಗಾಲವೆಲ್ಲ ಮಹೇಶ್ವರಪ್ಪ ಬಂದು ಹೋಗಿ ಮಾಡಿದ. ಸುಗ್ಗಿ ಮುಗಿದ ಮೇಲೆ ಸಣ್ಣತಿಮ್ಮಪ್ಪನ ಹತ್ತಿರ ಒಂದು ವಿಚಿತ್ರ ಬೇಡಿಕೆ ಇಟ್ಟ. ಉಳಿದ ಎರಡೆಕರೆಯಲ್ಲಿ ಒಂದೆಕರೆಗೆ ಈ ಬೇಸಿಗೆ ಗೋಡು ಹೊಡೆಯಬೇಕು, ಇನ್ನೊಂದೆಕರೆಯನ್ನು ಹಾಗೇ ಕೆಂಪಾಗಿ ಬಿಡಬೇಕು. ಆಗ ಹಳೇ ಗೋಡು, ಹೊಸ ಗೋಡು, ಕೆಂಪು ನೆಲ ಅಂತ ಮೂರು ತುಂಡು ಪಕ್ಕಪಕ್ಕದಲ್ಲೇ ಸಿಗುತ್ತವೆ.

ಸಣ್ಣತಿಮ್ಮಪ್ಪ ಮೀಸೆ ತೀಡಿಕೊಂಡ. "ಗೋಡು ಹೊಡೆಯಾದು ನನಗೇನು ಕಷ್ಟ ಅಲ್ಲ ಮೇಷ್ಟ್ರೆ, ಹೆಂಗಿದ್ರೂ ಹೊಡಿಬೇಕಿತ್ತು. ಮಿಡತೆಗೋಸ್ಕರ ಹೊಡ್ದ ಅಂತ ಮಾತ್ರ ಊರಾಗೆ ಎಲ್ಲೂ ಬಾಯಿ ಬಿಡಬ್ಯಾಡ್ರಿ."

ಎಣಿಸುವ ಕೆಲಸ ಕಾಟಮ್ಮನದಾಯಿತು. ಮೊದಲು ಅವಳು ನಡೆದುಕೊಂಡು ಹೋಗುತ್ತ ಕಂಡದ್ದನ್ನು ಕಂಡ ಹಾಗೆ ಎಣಿಸಿದಳು. ಮೇಷ್ಟ್ರು ತಲೆ ಅಲ್ಲಾಡಿಸಿದ. ಕಪ್ಪು ನೆಲದಲ್ಲಿ ಕೆಂಪು ಬೇಗ ಕಾಣುತ್ತದೆ, ಕಪ್ಪು ತಪ್ಪಿಹೋಗುತ್ತದೆ, ಅಂಥ ಲೆಕ್ಕ ನಂಬುವ ಹಾಗಿಲ್ಲ ಅಂದ. ಅದಕ್ಕೆ ತಗಡಿನಲ್ಲಿ ಒಂದು ಮೊಳದ ಚೌಕಟ್ಟು ಮಾಡಿಸಿ ತಂದ. ಮೇಲೂ ಇಲ್ಲ, ತಳವೂ ಇಲ್ಲ, ನಾಲ್ಕು ಗೋಡೆ ಅಷ್ಟೇ. ಹಿಂದಕ್ಕೆ ತಿರುಗಿ ಅದನ್ನು ಎಸೆಯಬೇಕು. ಬಿದ್ದಲ್ಲಿ ಒತ್ತಿ, ಒಳಗಿರುವ ಒಂದೊಂದು ಹೆಂಟೆಯನ್ನೂ ಎತ್ತಿ, ಕೈಯಾಡಿಸಿ, ಇದ್ದಬದ್ದ ಮಿಡತೆಯನ್ನೆಲ್ಲ ಹಿಡಿಯಬೇಕು. ಕಾಟಮ್ಮನಿಗೆ ಅಕ್ಷರ ಬಾರದು. ಕೆಂಪಿಗೊಂದು ತೊಗರಿಕಾಳು, ಕಪ್ಪಿಗೊಂದು ಉದ್ದಿನಕಾಳು ಅಂತ ಚೀಲಕ್ಕೆ ಹಾಕುತ್ತಿದ್ದಳು. ತುಂಡಿಗೊಂದು ಚೀಲ. ಸೋಮವಾರ ಎತ್ತಿಗೆ ನೊಗ ಹೂಡದ ದಿನ, ಹೊಲದಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಸೋಮವಾರವೇ ಎಣಿಕೆ. ಹದಿನೈದು ದಿನಕ್ಕೊಮ್ಮೆ ಮೇಷ್ಟ್ರು ಬಂದು ಕಾಳು ಸುರಿದು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ.

ಎಪ್ಪತ್ತೆಂಟರ ಮಳೆಗಾಲ ಹೀಗೆ ನಡೆದಿತ್ತು. ಹೊಸ ಗೋಡಿನ ತುಂಡಿನಲ್ಲಿ ಉದ್ದಿನಕಾಳು ಒಂದೊಂದೇ ಹೆಚ್ಚಾಗುತ್ತಿದ್ದವು. ಚೀಲ ಬಿಚ್ಚುವಾಗ ಮೇಷ್ಟ್ರ ಮುಖ ಅರಳುವುದನ್ನು ಕಾಟಮ್ಮ ನೋಡುತ್ತಿದ್ದಳು. ಅವನಿಗೆ ಏನು ಬೇಕು ಅನ್ನುವುದು ಅವಳಿಗೆ ಯಾರೂ ಹೇಳದೆಯೇ ತಿಳಿದುಹೋಗಿತ್ತು.

ಭಾದ್ರಪದದಲ್ಲಿ ನ್ಯಾಮತಿಯಿಂದ ಆಳು ಬಂದ. ಅಲ್ಲಿಗೆ ಕೊಟ್ಟಿದ್ದ ಮಗಳು ಬೊಮ್ಮಕ್ಕನಿಗೆ ಎರಡನೇ ಹೆರಿಗೆ ಕಷ್ಟವಾಗಿ ಹೊನ್ನಾಳಿಗೆ ಸಾಗಿಸಿದ್ದರು. ಕಾಟಮ್ಮ ಒಲೆಯ ಮೇಲಿನ ಅಂಬಲಿ ಇಳಿಸಿ ಹಾಗೇ ಬಸ್ಸು ಹತ್ತಿದಳು. ಹನ್ನೆರಡು ದಿನ ಮಗಳ ಮಗ್ಗುಲಲ್ಲೇ ಕೂತಿದ್ದಳು. ಕೂಸು ಉಳಿಯಿತು, ಬೊಮ್ಮಕ್ಕನೂ ಉಳಿದಳು. ತಿರುಗಿ ಸೊಕ್ಕೆಗೆ ಬಂದಾಗ ಎರಡು ಸೋಮವಾರ ಕಳೆದುಹೋಗಿದ್ದವು. ಮಾರನೇ ದಿನವೇ ಮೇಷ್ಟ್ರು ಬರುವವನಿದ್ದ.

ಅವಳು ಪಡಸಾಲೆಯಲ್ಲಿ ಕೂತು ತೊಗರಿ, ಉದ್ದು ಎರಡನ್ನೂ ಮೊರಕ್ಕೆ ಹಾಕಿಕೊಂಡಳು. ಹಿಂದಿನ ವಾರದಷ್ಟು ತೊಗರಿ ಹಾಕಿ, ಅದರಲ್ಲಿ ಎರಡು ತೆಗೆದಳು. ಉದ್ದಿಗೆ ನಾಲ್ಕು ಕೂಡಿಸಿದಳು. ಎರಡನೇ ವಾರದ ಚೀಲಕ್ಕೆ ಇನ್ನೂ ಐದು. ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದಳು. ಮೇಷ್ಟ್ರು ಬಂದ, ಬರೆದುಕೊಂಡ, ಹೋದ.

ದೀಪಾವಳಿ ಮುಗಿದ ಮೇಲೆ ಅವನು ಚೌಕಳಿ ಹಾಳೆಯೊಂದನ್ನು ತಂದು ಪಡಸಾಲೆಯಲ್ಲಿ ಹರಡಿದ. ವಾರಕ್ಕೊಂದು ಚುಕ್ಕಿ, ಚುಕ್ಕಿಗಳನ್ನು ಕೂಡಿಸಿದ ಒಂದು ಗೆರೆ. ಗೆರೆ ಮೇಲೇರುತ್ತ ಹೋಗಿತ್ತು.

"ಬೆಂಗಳೂರಾಗೆ ಮುಂದಿನ ತಿಂಗಳು ದೊಡ್ಡದೊಂದು ಸಭೆ ಐತೆ ಕಾಟಮ್ಮಾ. ಇದನ್ನ ಅಲ್ಲಿ ತೋರಿಸ್ತೀನಿ. ನೋಡ್ರಿಲ್ಲಿ, ಈ ಎರಡು ಚುಕ್ಕಿ ಎಷ್ಟು ಚಂದ ಕುಂತಾವೆ. ಇವೆರಡು ಇಲ್ದಿದ್ರೆ ಗೆರೆ ಇಷ್ಟು ನೆಟ್ಟಗೆ ಏಳ್ತಿರಲಿಲ್ಲ."

ಅವನ ಬೆರಳು ಇದ್ದ ಜಾಗವನ್ನು ಕಾಟಮ್ಮ ನೋಡಿದಳು. ಅವಳಿಗೆ ಹಾಳೆ ಓದಲು ಬರುತ್ತಿರಲಿಲ್ಲ. ಆದರೆ ವಾರ ಎಣಿಸಲು ಬರುತ್ತಿತ್ತು.

"ಅವೆರಡೂ ಸುಳ್ಳು ಮೇಷ್ಟ್ರೆ," ಅಂದಳು.

"ಏನಂದ್ರಿ?"

"ಆವಾಗ ನಾನು ಹೊನ್ನಾಳಿ ಆಸ್ಪತ್ರೇಲಿದ್ದೆ. ಬಂದು ಇಲ್ಲೇ ಕುಂತು ಕಾಳು ಹಾಕಿದೆ. ಹೊಲಕ್ಕೆ ಹೋಗೇ ಇಲ್ಲ."

ಒಳಗೆ ಬೀಡಿ ಹಚ್ಚುತ್ತಿದ್ದ ಸಣ್ಣತಿಮ್ಮಪ್ಪನ ಕೈ ನಿಂತಿತು. ಮೇಷ್ಟ್ರು ಚುಕ್ಕಿಗಳ ಮೇಲಿಂದ ಬೆರಳು ತೆಗೆದ. ಆಮೇಲೆ, "ಉಳಿದವು?" ಅಂತ ಕೇಳಿದ.

"ಉಳಿದವು ಹಿಡಿದೇ ಹಾಕಿದ್ದು." ಕಾಟಮ್ಮ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆದ್ರೆ ಕೆಲವು ಅತ್ಲಾಗೆ ಕೆಂಪೂ ಅಲ್ಲ, ಇತ್ಲಾಗೆ ಕಪ್ಪೂ ಅಲ್ಲ, ಕಂದುಗೆ ಇರ್ತಾವೆ. ಅಂಥವು ಸಿಕ್ಕಾಗ ನಿಮ್ ಮುಖ ನೆನಪಾಗ್ತಿತ್ತು. ಉದ್ದಿಗೆ ಹಾಕ್ತಿದ್ದೆ."

ಮಹೇಶ್ವರಪ್ಪ ಹಾಳೆ ಸುತ್ತಿಕೊಂಡು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ಒಮ್ಮೆ ನಿಂತ. ಮೂರು ಗಂಟೆಯ ಬಸ್ಸಿಗೆ ಹೊರಟುಹೋದ.

"ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ನಿಂಗೆ?" ಸಣ್ಣತಿಮ್ಮಪ್ಪ ರೇಗಿದ. "ಮಿಡತೆ ಬಂದು ಸಾಕ್ಷಿ ಹೇಳ್ತಿತ್ತಾ?"

"ಆಯಪ್ಪ ಅದನ್ನ ದೊಡ್ಡೋರ ಮುಂದೆ ಇಟ್ಟು ನಿಲ್ತಾನೆ ಬೊಮ್ಮಕ್ಕನ ಅಪ್ಪ," ಅಂದಳು ಕಾಟಮ್ಮ.

ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮೇಷ್ಟ್ರ ಸುಳಿವಿಲ್ಲ. ತಗಡಿನ ಚೌಕಟ್ಟು ಹಿತ್ತಲಲ್ಲಿ ಒರಗಿಕೊಂಡಿತ್ತು. ಅದನ್ನು ಕೋಳಿಗೂಡಿಗೆ ಬಾಗಿಲು ಮಾಡೋಣ ಅಂತ ಸಣ್ಣತಿಮ್ಮಪ್ಪ ಎರಡು ಸಲ ಎತ್ತಿಕೊಂಡ, ಅವಳು ಎರಡು ಸಲವೂ ಕಿತ್ತುಕೊಂಡಳು. ಮಳೆ ಬಿದ್ದು ಮಿಡತೆ ಎದ್ದ ಮೊದಲ ಸೋಮವಾರ ಅವಳೇ ಚೌಕಟ್ಟು ಹೊತ್ತು ಹೊಲಕ್ಕೆ ಹೋದಳು. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡುವವರಿರಲಿಲ್ಲ. ಈ ಸಲ ಉದ್ದು, ತೊಗರಿಯ ಜೊತೆ ಹುರುಳಿಯನ್ನೂ ಒಯ್ದಿದ್ದಳು. ಕಂದು ಮಿಡತೆಗೆ ಹುರುಳಿ.

ಶ್ರಾವಣದ ಕೊನೆಯಲ್ಲಿ ಮಹೇಶ್ವರಪ್ಪ ಬಂದ. ಕಾಲೇಜಿನ ಸಾಮಾನು ಅಂತ ಪಟ್ಟಿಯಲ್ಲಿ ಇದ್ದುದರಿಂದ ಚೌಕಟ್ಟನ್ನು ತಿರುಗಿ ಒಯ್ಯಬೇಕಿತ್ತು. ಮನೆಗೆ ಬೀಗ. ಹೊಲಕ್ಕೆ ಬಂದ. ಕಾಟಮ್ಮ ಅವನಿಗೆ ಬೆನ್ನು ಮಾಡಿ, ಮಂಡಿಯೂರಿ, ಚೌಕಟ್ಟಿನೊಳಗೆ ಹೆಂಟೆ ಎತ್ತಿಡುತ್ತಿದ್ದಳು. ಅವನು ಎಷ್ಟು ಹೊತ್ತು ಹಿಂದೆ ನಿಂತಿದ್ದನೋ ಅವಳಿಗೆ ಗೊತ್ತಾಗಲಿಲ್ಲ.

"ಎಷ್ಟು ವಾರದ್ದು ಐತೆ?" ಅಂದ.

ಅವಳು ಬೆಚ್ಚಿ ತಿರುಗಿದಳು. "ಆರು. ಮನೇಲಿ ಗೂಟಕ್ಕೆ ಹಾಕೀನಿ. ಒಂದು ಸೋಮವಾರ ಜ್ವರ ಬಂದಿತ್ತು. ಆ ವಾರದ ಚೀಲ ಖಾಲಿ ಐತೆ."

ಅವನು ಬೆಂಗಳೂರಿಗೆ ಹೋಗಿರಲಿಲ್ಲ. ಇಡೀ ವರ್ಷದ ಲೆಕ್ಕವನ್ನು ಅಡ್ಡ ಗೆರೆ ಎಳೆದು ಬಿಟ್ಟುಬಿಟ್ಟಿದ್ದ. ಎರಡು ತಿಂಗಳು ಅವಳ ಮೇಲೆ ಸಿಟ್ಟಿತ್ತು, ಆಮೇಲೆ ಸಿಟ್ಟು ತನ್ನ ಮೇಲೆ ತಿರುಗಿತು ಅಂದ. "ನನಗೇನು ಬೇಕು ಅಂತ ನಿಮಗೆ ಗೊತ್ತಾಗಾಕೆ ಬಿಡಬಾರದಾಗಿತ್ತು ಕಾಟಮ್ಮಾ. ನನಗೂ ಯಾವ ಚೀಲ ಎಲ್ಲಿಂದ ಬಂತು ಅಂತ ಗೊತ್ತಿರಬಾರದಾಗಿತ್ತು. ಎಣಿಸೋರು ಆಸೆ ಇಟ್ಕಂಡು ಎಣಿಸಬಾರದು."

ಅವತ್ತಿನಿಂದ ಕ್ರಮ ಬದಲಾಯಿತು. ಕಾಟಮ್ಮ ಮಿಡತೆ ಹಿಡಿದು ಬಟ್ಟೆಚೀಲಕ್ಕೆ ತುಂಬುವುದು, ಚೀಲದ ಒಳಮೂಲೆಗೆ ತುಂಡಿನ ಗುರುತಾಗಿ ಒಂದೋ ಎರಡೋ ಮೂರೋ ಗಂಟು ಹಾಕುವುದು. ಭಾನುವಾರ ಬಂದು ರಾತ್ರಿ ತಂಗಿ ಸೋಮವಾರ ಮೇಷ್ಟ್ರೇ ಚೀಲ ಸುರಿದು ಬಣ್ಣ ಬೇರ್ಪಡಿಸುವುದು. ಎಲ್ಲ ಬರೆದಾದ ಮೇಲೆ ಚೀಲ ಮಗುಚಿ ಗಂಟು ನೋಡುವುದು. ಒಮ್ಮೊಮ್ಮೆ ಲೆಕ್ಕ ಅವರು ಅಂದುಕೊಂಡದ್ದಕ್ಕೆ ಅಡ್ಡಡ್ಡ ಬರುತ್ತಿತ್ತು. ಬಂದದ್ದನ್ನು ಬಂದ ಹಾಗೇ ಬರೆದರು.

ಮೂರು ಮಳೆಗಾಲ ಹೀಗೆ ಹೋಯಿತು. ಗೋಡು ಹೊಡೆಯುವ ಮೊದಲು, ಎಪ್ಪತ್ತೇಳರ ಮಳೆಗಾಲದಲ್ಲಿ ಮೇಷ್ಟ್ರು ಹಿಡಿದು ನೋಡಿದ್ದಾಗ, ಹೊಸ ತುಂಡಿನಲ್ಲಿ ನೂರಕ್ಕೆ ನಾಲ್ಕು ಕಪ್ಪು ಇದ್ದವು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮೂವತ್ತೊಂದು, ಎಂಬತ್ತರಲ್ಲಿ ಐವತ್ತೆರಡು, ಎಂಬತ್ತೊಂದರಲ್ಲಿ ಅರವತ್ತೆಂಟು. ಹಳೇ ಗೋಡಿನಲ್ಲಿ ಅದು ನೂರಕ್ಕೆ ಎಂಬತ್ತರ ಆಸುಪಾಸಿಗೆ ನಿಂತುಬಿಟ್ಟಿತ್ತು, ಯಾಕೆಂದರೆ ಪಕ್ಕದ ಕೆಂಪು ನೆಲದಿಂದ ಕೆಂಪು ಮಿಡತೆಗಳು ಕುಪ್ಪಳಿಸಿ ಬರುತ್ತಲೇ ಇದ್ದವು. ಗೋಡು ಕಾಣದ ಕೆಂಪು ತುಂಡಿನಲ್ಲಿ ಕಪ್ಪು ನಾಲ್ಕೈದು ದಾಟಲಿಲ್ಲ. ಮಜ ಅಂದರೆ, ಕಾಟಮ್ಮ ಪಡಸಾಲೆಯಲ್ಲಿ ಕೂತು ಹಾಕಿದ್ದ ಕಾಳಿನ ಪ್ರಕಾರ ಮೊದಲ ವರ್ಷವೇ ಅರವತ್ತು ಆಗಿತ್ತು.

ಆದರೂ ಅವಳ ಮೊದಲಿನ ಮಾತು ಬಾಕಿ ಇತ್ತು. ಕರಿಮಣ್ಣು ತಿಂದು ಕರ್ರಗಾದವೋ, ಇಲ್ಲವೋ? ಅದಕ್ಕೆ ಎಂಬತ್ತನೇ ಇಸವಿಯಲ್ಲಿ ಹನ್ನೆರಡು ಅಗಲಬಾಯಿಯ ಮಡಕೆ ತಂದರು. ಆರಕ್ಕೆ ಕೆಂಪು ಮಣ್ಣು, ಆರಕ್ಕೆ ಗೋಡು. ಕೆಂಪು ಜೋಡಿಗಳನ್ನು ಗೋಡಿನಲ್ಲಿ ಬಿಟ್ಟರು, ಕಪ್ಪು ಜೋಡಿಗಳನ್ನು ಕೆಂಪಿನಲ್ಲಿ. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಹಿತ್ತಲ ಚಪ್ಪರದಡಿ ಇಟ್ಟರು. ಇರುವೆ ಬಾರದಂತೆ ಸುತ್ತ ಬೂದಿ. ಮೊಟ್ಟೆ ಒಡೆದು ಎಳ್ಳುಕಾಳಿನಂಥ ಮರಿಗಳು ಎದ್ದವು, ಪೊರೆ ಬಿಡುತ್ತ ಬಿಡುತ್ತ ದೊಡ್ಡವಾದವು. ಗೋಡಿನಲ್ಲೇ ಹುಟ್ಟಿ ಗೋಡಿನಲ್ಲೇ ಬೆಳೆದರೂ ಕೆಂಪಿನ ಮಕ್ಕಳು ಕೆಂಪೇ, ಕೆಂಪು ಮಣ್ಣಿನಲ್ಲಿ ಬೆಳೆದ ಕಪ್ಪಿನ ಮಕ್ಕಳು ಕಪ್ಪೇ. ಗೋಡಿನ ಕೆಂಪು ಮರಿಗಳಲ್ಲಿ ನೂರಕ್ಕೆ ಹತ್ತು ಹನ್ನೆರಡು ಕೊನೆಯ ಪೊರೆಯಲ್ಲಿ ಒಂದಿಷ್ಟು ಮಬ್ಬಾದವು, ಅಷ್ಟೇ. ಮೇಷ್ಟ್ರು ಅದನ್ನೂ ಬರೆದ.

ಕಾಟಮ್ಮ ಮಡಕೆಗಳ ಮುಂದೆ ಬಹಳ ಹೊತ್ತು ಕೂತಿದ್ದಳು. "ನಾನು ಹೇಳಿದ್ದು ಸುಳ್ಳಾತು ಹಂಗಾರೆ."

"ಸುಳ್ಳಲ್ಲ, ತಪ್ಪು. ಸುಳ್ಳು ಬ್ಯಾರೆ, ತಪ್ಪು ಬ್ಯಾರೆ."

ಒಂದು ಮಧ್ಯಾಹ್ನ ಅವಳು ಹೊಲದಿಂದ ಬರುವಷ್ಟರಲ್ಲಿ ಕೋಳಿಗಳು ಚಪ್ಪರಕ್ಕೆ ನುಗ್ಗಿ ಎರಡು ಮಡಕೆ ಉರುಳಿಸಿದ್ದವು. ಅದರಲ್ಲೊಂದಕ್ಕೆ, ಲೆಕ್ಕ ಮುಗಿದ ಎರಡೂ ಬಣ್ಣದವನ್ನು ಒಟ್ಟಿಗೆ ಹಾಕಿಟ್ಟಿದ್ದರು. ಚೆಲ್ಲಿದ ಗೋಡಿನ ಮೇಲೆ ಒಂದು ಯಾಟೆಕೋಳಿ ಕೊಕ್ಕು ಹೊಡೆಯುತ್ತಲೇ ಇತ್ತು. ಕಾಟಮ್ಮ ಕೋಲೆತ್ತಿದವಳು ಕೋಲು ಕೆಳಗಿಟ್ಟಳು. ಹತ್ತಿರ ಕೂತು ನೋಡಿದಳು. ಕೋಳಿ ಕೆಂಪನ್ನೇ ಹೆಕ್ಕುತ್ತಿತ್ತು. ಅದರ ಕಾಲ ಬುಡದಲ್ಲೇ ಮೂರು ಕಪ್ಪು ಮಿಡತೆ ಕಲ್ಲಿನ ಹಾಗೆ ಕೂತಿದ್ದವು.

ಮುಂದಿನ ಭಾನುವಾರ ಮೇಷ್ಟ್ರು ಬಂದಾಗ ಅವಳು ಚೀಲದ ಸುದ್ದಿಯನ್ನೇ ಎತ್ತಲಿಲ್ಲ. "ಹಕ್ಕಿ ಬರಲಿ ಅಂತ ಕಾಯೋದ್ಯಾಕೆ? ಮನೇಲೇ ಅದಾವಲ್ಲ," ಅಂದಳು.

ಚಪ್ಪರದಡಿ ಎರಡು ಕಟಕಟೆ ಕಟ್ಟಿದರು. ಒಂದಕ್ಕೆ ಗೋಡಿನ ನೆಲ, ಒಂದಕ್ಕೆ ಕೆಂಪು. ತಲಾ ಮೂವತ್ತು ಕೆಂಪು, ಮೂವತ್ತು ಕಪ್ಪು ಬಿಟ್ಟು ಅವು ಕೂರುವವರೆಗೆ ಕಾಯ್ದು, ಕೋಳಿಯನ್ನು ಒಳಬಿಡುವುದು. ಕಾಟಮ್ಮ ಒಂದು ಎಲೆಅಡಿಕೆ ಅಗಿದು ಉಗಿಯುವಷ್ಟು ಹೊತ್ತಿಗೆ ಕೋಳಿ ಹೊರಗೆ. ಇಪ್ಪತ್ತು ಸಲ ಮಾಡಿದರು. ಸರಾಸರಿಯಲ್ಲಿ ಗೋಡಿನ ಮೇಲೆ ಆರು ಕೆಂಪು, ಇಪ್ಪತ್ತೊಂದು ಕಪ್ಪು ಉಳಿದವು. ಕೆಂಪು ನೆಲದ ಮೇಲೆ ಹತ್ತೊಂಬತ್ತು ಕೆಂಪು, ಎಂಟು ಕಪ್ಪು. ಕೋಳಿಗಳು ಮಾತ್ರ ಆ ವರ್ಷ ಭರ್ಜರಿಯಾಗಿ ಮೊಟ್ಟೆ ಇಟ್ಟವು.

ಕೊನೆಯ ದಿನ ಕಟಕಟೆ ಬಿಚ್ಚುವಾಗ ಕಾಟಮ್ಮ ಇದ್ದಕ್ಕಿದ್ದಂತೆ ನಿಂತಳು. "ಮೇಷ್ಟ್ರೆ, ಆ ಮೊದಲನೇ ವರ್ಷ ಗೋಡಿನ ಮೇಲೆ ಕೆಂಪು ಕಂಡಂಗೆಲ್ಲ ಕುಡಿಕೆಗೆ ತುಂಬಿದ್ದು ನಾನು. ದಿನಕ್ಕೊಂದು ಕುಡಿಕೆ. ಅಂದ್ರೆ ಅಲ್ಲಿ ಕಪ್ಪು ಹೆಚ್ಚಾಗಾಕೆ ನಾನೂ ಕಾರಣ."

"ಹೌದು ಮತ್ತೆ. ಗೊರವಂಕದ ಜೊತೆ ನೀವೂ ಸೇರಿದ್ರಿ."

"ಗೊತ್ತಿಲ್ದಂಗೆ ಏನೇನು ಮಾಡಿರ್ತೀವಿ ನೋಡ್ರಿ," ಅಂದಳು. ಆಮೇಲೆ ನಕ್ಕಳು.

ಎಂಬತ್ತಮೂರರಲ್ಲಿ ಮಹೇಶ್ವರಪ್ಪನಿಗೆ ಡಾಕ್ಟರೇಟ್ ಬಂತು. ಎಪ್ಪತ್ತೆಂಟರ ಲೆಕ್ಕವನ್ನು ಯಾಕೆ ಬಿಟ್ಟೆ ಅನ್ನುವುದನ್ನು ಅವನು ಪ್ರಬಂಧದಲ್ಲೇ ಬರೆದಿದ್ದ. ಪರೀಕ್ಷೆಗೆ ಬಂದ ಹಿರಿಯರೊಬ್ಬರು ಬೇರೆಲ್ಲ ಬಿಟ್ಟು ಆ ಪುಟದ ಮೇಲೇ ಅರ್ಧಗಂಟೆ ಪ್ರಶ್ನೆ ಕೇಳಿದರಂತೆ. ಸುದ್ದಿ ಹೇಳಲು ಸೊಕ್ಕೆಗೆ ಬಂದವನು ಸಣ್ಣತಿಮ್ಮಪ್ಪನಿಗೆ ಪಂಚೆ, ಕಾಟಮ್ಮನಿಗೆ ಸೀರೆ, ಜೊತೆಗೆ ಹಿತ್ತಾಳೆ ಹಿಡಿಯ ಒಂದು ಭೂತಗನ್ನಡಿ ತಂದಿದ್ದ. ಅವಳು ಅದನ್ನು ಕಪ್ಪು ಮಿಡತೆಯ ಬೆನ್ನಿಗೆ ಹಿಡಿದಳು. ಕಪ್ಪು ಅಂದುಕೊಂಡಿದ್ದರಲ್ಲಿ ಬೂದಿ, ನೇರಳೆ, ಅಲ್ಲಲ್ಲಿ ತುಕ್ಕಿನ ಚುಕ್ಕೆ, ಥೇಟ್ ಹಸಿ ಗೋಡಿನ ಹೆಂಟೆಯ ಹಾಗೇ ಇತ್ತು. "ಇಷ್ಟು ವರ್ಷ ನೋಡ್ದೆ, ನೋಡೇ ಇರಲಿಲ್ಲ," ಅಂದಳು. ಗಂಡನಿಗೂ ತೋರಿಸಿದಳು. ಅವನು ಮಿಡತೆ ಬಿಟ್ಟು ತನ್ನ ಹೆಬ್ಬೆರಳಿನ ಉಗುರು ನೋಡಿಕೊಂಡ.

ಎರಡು ವರ್ಷದ ಮೇಲೆ ಮಹೇಶ್ವರಪ್ಪ ಚನ್ನಗಿರಿಯ ಕಡೆಗೆ ವರ್ಗವಾಗಿ ಹೋದ. ಅಲ್ಲಿಂದ ಒಂದು ಕಾರ್ಡು ಬರೆದ. ಕತ್ತಲಗೆರೆಯಲ್ಲಿ ಅವನ ಅಕ್ಕ ಶಾಂತಾದೇವಿಯ ಮನೆ. ಭಾವ ಕೊಟ್ರಬಸಪ್ಪನ ಭತ್ತದ ಗದ್ದೆಗೆ ಕಂದು ಜಿಗಿಹುಳು ಬಿದ್ದಿದೆ, ಒಮ್ಮೆ ಬಂದು ನೋಡಿ ಹೋಗಬೇಕು. ಅಂಚೆಯವನು ಓದಿ ಹೇಳಿದಾಗ ಕಾಟಮ್ಮ ಬೆಪ್ಪಾದಳು. ಭತ್ತದ ಗದ್ದೆಯನ್ನು ಅವಳು ಹೊನ್ನಾಳಿಯ ಬಸ್ಸಿನ ಕಿಟಕಿಯಿಂದ ಕಂಡದ್ದು ಬಿಟ್ಟರೆ ಕಾಲಿಟ್ಟವಳಲ್ಲ.

ಹೋದಳು. ಮೊದಲ ದಿನ ಶಾಂತಾದೇವಿ ಜಗುಲಿಯ ಮೇಲೇ ಎಲೆ ಹಾಕಿ ಬಡಿಸಿದಳು. ಮೂರನೇ ದಿನ, "ಒಳಗೆ ಬರ್ರಿ ಕಾಟಮ್ಮಾ, ರೊಟ್ಟಿ ಬಡಿಯೋರು ಬೇಕಾಗ್ಯಾರೆ," ಅಂದಳು. ಕಾಟಮ್ಮ ಒಂದು ಗಳಿಗೆ ಹೊಸಿಲ ಹೊರಗೇ ನಿಂತು, ಆಮೇಲೆ ಒಳಗೆ ಹೋದಳು.

ಕೊಟ್ರಬಸಪ್ಪ ಐವತ್ತರ ಆಸುಪಾಸಿನ, ಗಟ್ಟಿ ದನಿಯ ಮನುಷ್ಯ. ಬದುವಿನ ಮೇಲೆ ನಿಂತು ಗೋಳು ಹೇಳಿಕೊಂಡ. "ನಾಲ್ಕು ವರ್ಷದ ಹಿಂದೆ ಒಂದು ಸಲ ಔಷಧದ ಎಣ್ಣೆ ಹೊಡೆದ್ರೆ ಹುಳ ಮಳೆ ಬಿದ್ದಂಗೆ ಬೀಳ್ತಿದ್ವು. ಈಗ ಮೂರು ಸಲ ಹೊಡೆದ್ರೂ ಜಗ್ಗಲ್ಲ. ಎಣ್ಣೆಯಾಗೇ ಕಲಬೆರಕೆ ಮಾಡ್ತಾರೆ ಅನ್ಸುತ್ತೆ."

ಕಾಟಮ್ಮ ಸೀರೆ ಎತ್ತಿಕಟ್ಟಿ ಬಗ್ಗಿ ಒಂದು ಬುಡ ಬಿಡಿಸಿ ನೋಡಿದಳು. ನೀರಿಗೆ ಒಂದು ಬೆರಳು ಮೇಲೆ, ಒಣಗಿದ ಗರಿಯ ಬಣ್ಣದ ಹುಳಗಳು ಸಾಲಾಗಿ ಕೂತಿದ್ದವು.

"ನಾಲ್ಕು ವರ್ಷದ ಹಿಂದೆ ಎಲ್ಲಾ ಬಿದ್ವಾ ಗೌಡ್ರೆ? ಒಂದೂ ಉಳೀಲಿಲ್ವಾ?"

"ನೂರಾಗೆ ಒಂದೋ ಎರಡೋ ಉಳಿದಿರಬೌದು. ಯಾರು ನೋಡಾಕೆ ಹೋಗ್ತಾರೆ?"

"ಆ ಒಂದೆರಡು ಯಾಕೆ ಉಳಿದ್ವು? ಎಣ್ಣೆಗೆ ಸಾಯದ ಮೈ ಇತ್ತು, ಉಳಿದ್ವು. ಈಗ ಇಲ್ಲಿರಾವು ಅವುಗಳ ಮಕ್ಳು, ಮೊಮ್ಮಕ್ಳು. ನೀವು ಹೊಡೆದಂಗೆಲ್ಲ ಸಾಯೋ ಜಾತಿ ಸತ್ತು ಸಾಯದ ಜಾತಿಗೆ ಜಾಗ ಬಿಡ್ತಾ ಹೋಯ್ತು. ಎಣ್ಣೆ ಸರಿಯಾಗೇ ಇರಬೌದು."

ಕೊಟ್ರಬಸಪ್ಪ ಮೈದುನನ ಮುಖ ನೋಡಿದ. ಮಹೇಶ್ವರಪ್ಪ ಏನೂ ಹೇಳಿಕೊಟ್ಟಿರಲಿಲ್ಲ. ಅವನೂ ಅವಳನ್ನೇ ನೋಡುತ್ತಿದ್ದ.

"ಹಂಗಾರೆ ಹೊಡೀದೆ ಕೈಕಟ್ಕೊಂಡು ಕೂರಬೇಕಾ?"

"ಅದು ನನಗೆ ಗೊತ್ತಿಲ್ಲ ಗೌಡ್ರೆ. ಗೊತ್ತಿಲ್ಲದ್ದು ಹೇಳಲ್ಲ. ಒಂದು ಗದ್ದೆಗೆ ಹೊಡೀಬ್ಯಾಡ್ರಿ, ಒಂದಕ್ಕೆ ಹೊಡೀರಿ. ಎರಡನ್ನೂ ವಾರ ವಾರ ಎಣಿಸಾನ. ಈ ಹೊಡೆದ ಗದ್ದೇಲಿ ಒಂದು ಜೇಡಾನೂ ಕಾಣ್ತಿಲ್ಲ. ಜೇಡ ಹುಳ ತಿಂತಾವಲ್ಲ, ಅವನ್ನೂ ಎಣಿಸಾನ."

ಕೊಟ್ರಬಸಪ್ಪ ಗೊಣಗಿದ, ಲೆಕ್ಕ ಹಾಕಿದ, ಹೆಂಡತಿಯನ್ನು ಕೇಳಿದ. ಕೊನೆಗೆ ಕಾಲುವೆ ಪಕ್ಕದ ಅತಿ ಸಣ್ಣ ಗದ್ದೆಯೊಂದನ್ನು ಬಿಟ್ಟುಕೊಟ್ಟ. ಆ ವರ್ಷ ಅಲ್ಲಿ ಬೆಳೆ ಉಳಿದ ಗದ್ದೆಗಳಷ್ಟೇ ಬಂತು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಎಣ್ಣೆಯ ಖರ್ಚು ಮಾತ್ರ ಉಳಿಯಿತು. ಮರುವರ್ಷ ಅವನು ಎರಡೆ‍ಕರೆ ಬಿಟ್ಟ. ಅಕ್ಕಪಕ್ಕದ ಇಬ್ಬರು ಬಂದು ಬದುವಿನ ಮೇಲೆ ನಿಂತು ನೋಡಿಕೊಂಡು ಹೋದರು. ಒಬ್ಬ ನಕ್ಕ, ಇನ್ನೊಬ್ಬ ಕೇಳಿ ತಿಳಿದುಕೊಂಡ.

ಅಲ್ಲಿಂದ ನಾಲ್ಕು ವರ್ಷ, ಭತ್ತ ಹೊಡೆ ತುಂಬುವ ತಿಂಗಳಲ್ಲಿ, ಕಾಟಮ್ಮ ಕತ್ತಲಗೆರೆಗೆ ಹೋಗಿ ಬರುತ್ತಿದ್ದಳು. ಕೆಸರು ಅವಳಿಗೆ ಕೊನೆಗೂ ಒಗ್ಗಲಿಲ್ಲ. ಪ್ರತಿ ಸಲ ಇಳಿಯುವಾಗಲೂ ಒಂದು ಕಾಲಿಟ್ಟು, ತಡೆದು, ಗುರುಗುಟ್ಟಿ, ಆಮೇಲೆ ಇನ್ನೊಂದು ಕಾಲಿಡುತ್ತಿದ್ದಳು. ಎಂಬತ್ತೊಂಬತ್ತರಲ್ಲಿ ಬೊಮ್ಮಕ್ಕನೂ ನ್ಯಾಮತಿಯಿಂದ ಬಂದು ಜೊತೆಯಾದಳು. ಅವ್ವ ಸಾಲಿನ ಆ ತುದಿಯಿಂದ, ಮಗಳು ಈ ತುದಿಯಿಂದ ಬುಡ ಬಿಡಿಸುತ್ತ ಬಂದರು. ನಡುವೆ ಸಂಧಿಸಿದಾಗ ಕಾಟಮ್ಮ ಕೇಳಿದಳು.

"ಎಷ್ಟಾದ್ವು?"

"ಹುಳ ನಲವತ್ತು, ಜೇಡ ಒಂಬತ್ತು. ಒಂದು ಬುಡ ಸರಿಯಾಗಿ ಕಾಣಲಿಲ್ಲವ್ವ, ನೀರು ಕದಡಿತ್ತು."

"ಹಂಗಾರೆ ಆ ಬುಡ ಲೆಕ್ಕಕ್ಕೆ ಬ್ಯಾಡ, ಉಳಿದದ್ದು ಬರ್ಕೊ," ಅಂದಳು ಕಾಟಮ್ಮ, ಮುಂದಿನ ಸಾಲಿಗೆ ತಿರುಗುತ್ತ.